1950ರ ದಶಕದ ಅಮೆರಿಕನ್ ಸಂಸಾರ: ನೆನಪಿನಲ್ಲಿರುವುದು ಮತ್ತು ನಡೆದದ್ದು (ಪದೇ ಪದೇ ಕೇಳುವ ಪ್ರಶ್ನೆಗಳು)

ಯಾವ ಕಾಲವನ್ನು ಕುರಿತ ಮಾತಿದು?

ಸ್ಥೂಲವಾಗಿ 1946ರಿಂದ 1964. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದ ಮೇಲಿನ ಈ ವರ್ಷಗಳಲ್ಲಿ ಅಮೆರಿಕದಲ್ಲಿ ಸುಮಾರು 7.6 ಕೋಟಿ ಮಕ್ಕಳು ಹುಟ್ಟಿದರು. "ಆ ಕಾಲವೇ ಚೆನ್ನಾಗಿತ್ತು" ಎನ್ನುವವರ ಮನಸ್ಸಿನಲ್ಲಿ ಇರುವುದು ಸಾಮಾನ್ಯವಾಗಿ ಇದೇ ಕಾಲ: ಊರಾಚೆಯ ಬಡಾವಣೆಯಲ್ಲಿ ಸ್ವಂತ ಮನೆ, ದುಡಿಯುವ ಅಪ್ಪ, ಮನೆ ನೋಡಿಕೊಳ್ಳುವ ಅಮ್ಮ, ಮೂರು ಮಕ್ಕಳು, ಒಂದು ಕಾರು.

ಇಸವಿಯನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕು, ಏಕೆಂದರೆ ಹತ್ತು ವರ್ಷದ ಅಂತರದಲ್ಲಿ ಚಿತ್ರವೇ ಬೇರೆ. 1947ರಲ್ಲಿ ಮನೆಗಳ ಕೊರತೆ ಎಷ್ಟಿತ್ತೆಂದರೆ ಹೊಸದಾಗಿ ಮದುವೆಯಾದವರು ಅಪ್ಪ-ಅಮ್ಮನ ಮನೆಯ ಒಂದು ಕೋಣೆಯಲ್ಲೋ ಸೇನೆಯ ತಗಡಿನ ಕೊಟ್ಟಿಗೆಯಲ್ಲೋ ಇರುತ್ತಿದ್ದರು. 1950ರಲ್ಲಿ ನೂರಕ್ಕೆ ಒಂಬತ್ತು ಮನೆಗಳಲ್ಲಿ ಮಾತ್ರ ಟಿವಿ ಇತ್ತು, 1960ರ ಹೊತ್ತಿಗೆ ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಲ್ಲಿ. ಇವೆರಡನ್ನೂ "ಐವತ್ತರ ದಶಕ" ಎಂಬ ಒಂದೇ ಹೆಸರಿನಲ್ಲಿ ಸುತ್ತಿಟ್ಟರೆ ಲೆಕ್ಕ ತಪ್ಪುತ್ತದೆ.

ಅದು ಅಮೆರಿಕದ ಸಾಂಪ್ರದಾಯಿಕ ಕುಟುಂಬವಲ್ಲವೇ? ತಲೆತಲಾಂತರದಿಂದ ಹಾಗೇ ಇತ್ತಲ್ಲ?

ಇರಲಿಲ್ಲ. ಇಡೀ ವಿಷಯದಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಮೊದಲ ಮದುವೆಯ ಮಧ್ಯಂಕ ವಯಸ್ಸು (ಅರ್ಧ ಜನ ಅದಕ್ಕಿಂತ ಮೊದಲು, ಅರ್ಧ ಜನ ಅದರ ನಂತರ ಮದುವೆಯಾದ ವಯಸ್ಸು) ನೋಡಿ. 1890ರಲ್ಲಿ ಗಂಡಿಗೆ 26.1, ಹೆಣ್ಣಿಗೆ 22. 1956ರಲ್ಲಿ ಗಂಡಿಗೆ 22.5, ಹೆಣ್ಣಿಗೆ 20.1. ಈಗ ಗಂಡಿಗೆ 30ರ ಆಸುಪಾಸು, ಹೆಣ್ಣಿಗೆ 28ರ ಆಸುಪಾಸು. ಅಂದರೆ 1956ರ ಮದುಮಗಳು ತನ್ನ ಅಜ್ಜಿಗಿಂತಲೂ ಚಿಕ್ಕ ವಯಸ್ಸಿನಲ್ಲಿ, ತನ್ನ ಮೊಮ್ಮಗಳಿಗಿಂತ ಇನ್ನೂ ಬಹಳ ಚಿಕ್ಕ ವಯಸ್ಸಿನಲ್ಲಿ ಮದುವೆಯಾದವಳು.

ಹೆರಿಗೆಯ ಲೆಕ್ಕವೂ ಹಾಗೇ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಎರಡು ಮಕ್ಕಳಿಗೆ ಇಳಿದಿದ್ದದ್ದು 1957ರಲ್ಲಿ ಸುಮಾರು 3.7ಕ್ಕೆ ಏರಿತು, 1970ರ ದಶಕದ ನಡುವೆ ಎರಡಕ್ಕಿಂತ ಕೆಳಗೆ ಬಿತ್ತು. ನೂರು ವರ್ಷಗಳ ಇಳಿಜಾರಿನ ನಡುವೆ ಎದ್ದ ಒಂದೇ ಒಂದು ದಿಬ್ಬ ಅದು. ಆ ದಿಬ್ಬವನ್ನು ಸಮತಟ್ಟು ನೆಲವೆಂದು ತಿಳಿದು ಉಳಿದ ಕಾಲವನ್ನೆಲ್ಲ ಅಳೆದದ್ದರಿಂದ "ಈಗ ಕುಟುಂಬವೇ ಹಾಳಾಯಿತು" ಎಂಬ ಮಾತು ಹುಟ್ಟಿತು.

ಒಬ್ಬರ ಸಂಬಳದಲ್ಲಿ ಮನೆ, ಕಾರು, ಮಕ್ಕಳ ಸಾಕಣೆ ಎಲ್ಲ ಆಗುತ್ತಿತ್ತಂತೆ. ನಿಜವೇ?

ಕೆಲವರಿಗೆ ನಿಜ. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ಬಿಡಿಸಿ ನೋಡಬೇಕು.

ನ್ಯೂಯಾರ್ಕ್ ಬಳಿ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ ಲೆವಿಟ್ ಕಂಪನಿ 1947ರಲ್ಲಿ ಶುರುಮಾಡಿದ ಲೆವಿಟ್‌ಟೌನ್ ಬಡಾವಣೆಯನ್ನೇ ತೆಗೆದುಕೊಳ್ಳೋಣ. 1951ರ ಹೊತ್ತಿಗೆ ಅಲ್ಲಿ 17,000ಕ್ಕೂ ಹೆಚ್ಚು ಮನೆಗಳು ಎದ್ದಿದ್ದವು. ಮೊದಲ ಮಾದರಿಯ ಮನೆ 750 ಚದರಡಿ, ನಮ್ಮ ಲೆಕ್ಕದಲ್ಲಿ ಏಳೂವರೆ ಚದರ. ಎರಡು ಮಲಗುವ ಕೋಣೆ, ಒಂದೇ ಬಚ್ಚಲು. ಪಾಯಕ್ಕೆ ಬದಲು ಕಾಂಕ್ರೀಟ್ ಹಾಸು, ನೆಲಮಾಳಿಗೆ ಇಲ್ಲ, ಮಾಡಿನ ಕೆಳಗಿನ ಅಟ್ಟವನ್ನು ಪೂರ್ತಿ ಮಾಡದೆ ಬಿಟ್ಟಿರುತ್ತಿದ್ದರು. ಮಕ್ಕಳು ಹೆಚ್ಚಾದಾಗ ಮನೆಯವರೇ ಹಲಗೆ ಹೊಡೆದು ಕೋಣೆ ಮಾಡಿಕೊಳ್ಳಬೇಕು. ಸೈಟು ಮಾತ್ರ ಉದಾರ: 60×100. ಕಟ್ಟುವ ಕೆಲಸವನ್ನು ಇಪ್ಪತ್ತಕ್ಕೂ ಹೆಚ್ಚು ಹಂತಗಳಾಗಿ ಒಡೆದು, ಒಂದೊಂದು ತಂಡ ಒಂದೇ ಕೆಲಸ ಮಾಡುತ್ತ ಮನೆಯಿಂದ ಮನೆಗೆ ಸಾಗುತ್ತಿತ್ತು. ಹಾಗಾಗಿ ಬೆಲೆ ಇಳಿಯಿತು. 1949ರ ಮಾದರಿಗೆ 7,990 ಡಾಲರ್, ತಿಂಗಳ ಕಂತು 58 ಡಾಲರ್. ಕಾರ್ಖಾನೆ ಕೆಲಸಗಾರನ ಸರಾಸರಿ ವಾರದ ಕೂಲಿಯೂ 1950ರಲ್ಲಿ ಹೆಚ್ಚುಕಡಿಮೆ ಅಷ್ಟೇ. ಒಂದು ವಾರದ ದುಡಿಮೆಗೆ ಒಂದು ತಿಂಗಳ ಕಂತು! ಹಂಬಲಿಸುವವರು ಹಂಬಲಿಸುವುದು ಸುಮ್ಮನೆ ಅಲ್ಲ.

ಆದರೆ ಆ ಕಂತಿನ ಹಿಂದೆ ಸರ್ಕಾರ ನಿಂತಿತ್ತು. 1944ರ ಮಾಜಿ ಸೈನಿಕರ ಕಾಯ್ದೆ ಗೃಹಸಾಲಕ್ಕೆ ಜಾಮೀನು ಕೊಟ್ಟಿತು, ಅದರಿಂದ ಬ್ಯಾಂಕುಗಳು ಮುಂಗಡ ಹಣವನ್ನೇ ಕೇಳದೆ ದೀರ್ಘಾವಧಿಯ ಸಾಲ ಕೊಟ್ಟವು. 1952ರ ಹೊತ್ತಿಗೆ 24 ಲಕ್ಷದಷ್ಟು ಮಾಜಿ ಸೈನಿಕರು ಈ ಸಾಲ ಪಡೆದಿದ್ದರು. ಅದೇ ಕಾಯ್ದೆಯಡಿ 78 ಲಕ್ಷ ಜನ ಕಾಲೇಜು ಅಥವಾ ಕಸುಬಿನ ತರಬೇತಿ ಪಡೆದರು. ದುಡಿಯುವವರಲ್ಲಿ ಮೂರನೇ ಒಂದು ಭಾಗ ಕಾರ್ಮಿಕ ಸಂಘಗಳಲ್ಲಿದ್ದರು, ಕೂಲಿ ಪ್ರತಿ ಒಪ್ಪಂದದಲ್ಲೂ ಏರುತ್ತಿತ್ತು. ಅತಿ ಶ್ರೀಮಂತರ ಆದಾಯದ ಮೇಲ್ತುದಿಯ ಭಾಗಕ್ಕೆ ಶೇ. 91ರ ತೆರಿಗೆ ಇತ್ತು. ಸ್ವಂತ ಮನೆಯಲ್ಲಿರುವವರ ಪಾಲು 1940ರಲ್ಲಿ ಶೇ. 43.6 ಇದ್ದದ್ದು 1960ಕ್ಕೆ ಶೇ. 61.9 ಆಯಿತು. ಶಿಸ್ತು, ಮಿತವ್ಯಯ ಎಂದು ಆ ತಲೆಮಾರಿನ ಗುಣಗಾನ ಮಾಡುವಾಗ ಈ ಸಾಲ, ಸಂಘ, ತೆರಿಗೆಗಳನ್ನು ಬಿಟ್ಟುಬಿಡುವುದು ಅನ್ಯಾಯ. ಗುಣವೂ ಇತ್ತು, ಆಸರೆಯೂ ಇತ್ತು.

ಆಗಿನ ಬೆಲೆಯನ್ನು ಈಗಿನದಕ್ಕೆ ಹೋಲಿಸುವುದು ಹೇಗೆ?

ಮೂರು ಹೆಜ್ಜೆ. ಮೊದಲನೆಯದು, ಬೆಲೆಯೇರಿಕೆಯ ತಿದ್ದುಪಡಿ: ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಜಾಲತಾಣದ ಉಚಿತ ಲೆಕ್ಕಯಂತ್ರದಲ್ಲಿ ಇಸವಿ ಮತ್ತು ಮೊತ್ತ ಹಾಕಿದರೆ ಸಿಗುತ್ತದೆ. 1950ರ ಒಂದು ಡಾಲರ್ ಈಗಿನ ಸುಮಾರು 13 ಡಾಲರಿಗೆ ಸಮ. ಆ ವರ್ಷ ಮಧ್ಯಂಕ ಕುಟುಂಬದ ಆದಾಯ 3,300 ಡಾಲರ್ ಚಿಲ್ಲರೆ, ಈಗಿನ 43,000ದಷ್ಟು.

ಎರಡನೆಯದು, ಬೆಲೆಯನ್ನು ದುಡಿಮೆಯ ಗಂಟೆಗಳಲ್ಲಿ ಹೇಳುವುದು. ಹಾಗೆ ಹೇಳಿದಾಗ ಮನೆ, ಕಾಲೇಜು, ಆಸ್ಪತ್ರೆ ಆಗ ಅಗ್ಗ; ಊಟ, ಬಟ್ಟೆ, ಯಂತ್ರಗಳು ಆಗ ತುಟ್ಟಿ. ಕೈಗೆ ಬಂದ ಆದಾಯದ ಐದನೇ ಒಂದು ಭಾಗ ಊಟಕ್ಕೇ ಹೋಗುತ್ತಿತ್ತು.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ಹೋಲಿಸುವ ವಸ್ತು ಒಂದೇ ಆಗಿರಬೇಕು. 1950ರ ಹೊಸ ಮನೆ ಸರಾಸರಿ 1,000 ಚದರಡಿಯೂ ಇರಲಿಲ್ಲ, ಈಗಿನದು ಅದರ ಎರಡು ಪಟ್ಟಿಗೂ ಹೆಚ್ಚು. ಹವಾನಿಯಂತ್ರಣ ಇಲ್ಲ, ಎರಡನೇ ಕಾರು ಇಲ್ಲ, ಹತ್ತರಲ್ಲಿ ನಾಲ್ಕು ಮನೆಗಳಿಗೆ ಫೋನೂ ಇಲ್ಲ. 1950ರ ಜನಗಣತಿಯ ಪ್ರಕಾರ ಶೇ. 35ರಷ್ಟು ಮನೆಗಳಲ್ಲಿ ಬಿಸಿನೀರು, ಒಳಗಿನ ಶೌಚಾಲಯ, ಸ್ನಾನದ ತೊಟ್ಟಿ ಈ ಮೂರರಲ್ಲಿ ಕನಿಷ್ಠ ಒಂದರ ಕೊರತೆಯಿತ್ತು. ಮೊದಲ ಎರಡು ಹೆಜ್ಜೆ ಮಾತ್ರ ಹಾಕಿ ನಿಂತ ಲೇಖನಗಳೇ ಹೆಚ್ಚು ಓಡಾಡುವುದು.

ಆ ಮನೆಗಳು ಯಾರಿಗೆ ಸಿಗಲಿಲ್ಲ?

ಕಪ್ಪು ಜನರಿಗೆ. ಇದು ಕಣ್ತಪ್ಪಿನಿಂದ ಆದದ್ದಲ್ಲ, ಕಾಗದದ ಮೇಲೆ ಬರೆದೇ ಇತ್ತು. ಲೆವಿಟ್‌ಟೌನಿನ ಆರಂಭದ ಬಾಡಿಗೆ ಕರಾರಿನಲ್ಲಿ ಬಿಳಿಯ ಜನಾಂಗದವರನ್ನು ಬಿಟ್ಟು ಬೇರೆ ಯಾರೂ ಮನೆಯಲ್ಲಿ ವಾಸಿಸಬಾರದು ಎಂಬ ಷರತ್ತಿತ್ತು. ಮನೆಗೆಲಸದವರಿಗೆ ಮಾತ್ರ ವಿನಾಯಿತಿ. 1948ರಲ್ಲಿ ಸುಪ್ರೀಂ ಕೋರ್ಟ್ ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಮಾಡಕೂಡದು ಎಂದಿತು, ಆದರೂ ಮಾರಾಟಗಾರರು ಹಳೆಯ ಪದ್ಧತಿ ಬಿಡಲಿಲ್ಲ. ಸರ್ಕಾರಿ ಸಾಲವಿಮೆಯ ಸಂಸ್ಥೆಯೇ ಕಪ್ಪು ಜನರಿರುವ ಕೇರಿಗಳನ್ನು ಅಪಾಯದ ಪ್ರದೇಶಗಳೆಂದು ಎಣಿಸುತ್ತಿದ್ದುದರಿಂದ, ಅಲ್ಲಿ ಮನೆ ಕೊಳ್ಳುವವರಿಗೆ ಅಗ್ಗದ ಸಾಲ ಹುಟ್ಟುತ್ತಿರಲಿಲ್ಲ.

1957ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯಾದ ಲೆವಿಟ್‌ಟೌನಿಗೆ ವಿಲಿಯಂ ಮತ್ತು ಡೇಸಿ ಮೈಯರ್ಸ್ ದಂಪತಿ ತಮ್ಮ ಪುಟ್ಟ ಮಕ್ಕಳೊಂದಿಗೆ ಬಂದರು. ಅವನು ಮಾಜಿ ಸೈನಿಕ, ಅವಳು ಓದಿದವಳು, ನೆರೆಯವರಿಗಿಂತ ಬೇರೆ ರೀತಿಯ ಬದುಕು ಅವರದ್ದಲ್ಲ. ಜನ ಗುಂಪುಗೂಡಿ ಕಲ್ಲು ತೂರಿದರು, ರಾಜ್ಯದ ಪೊಲೀಸರು ಬರಬೇಕಾಯಿತು, ಕಿರುಕುಳ ವಾರಗಟ್ಟಲೆ ನಡೆಯಿತು. ಮನೆ ಮಾರಾಟದಲ್ಲಿ ಜನಾಂಗಭೇದವನ್ನು ನಿಷೇಧಿಸುವ ಕೇಂದ್ರ ಕಾಯ್ದೆ ಬಂದದ್ದು 1968ರಲ್ಲಿ. ಅಷ್ಟರೊಳಗೆ ಆ ಮನೆಗಳ ಬೆಲೆ ಏರಿ, ಒಂದು ತಲೆಮಾರಿನ ಬಿಳಿಯ ಕುಟುಂಬಗಳಿಗೆ ಅದೇ ಆಸ್ತಿಯಾಗಿತ್ತು.

ಬಡತನದ ಅಧಿಕೃತ ಲೆಕ್ಕ ಶುರುವಾಗುವುದು 1959ರಿಂದ. ಆ ವರ್ಷ ದೇಶದ ಶೇ. 22.4ರಷ್ಟು ಜನ ಬಡವರು. ಕಪ್ಪು ಜನರಲ್ಲಿ ಶೇ. 55; 65 ವರ್ಷ ದಾಟಿದವರಲ್ಲಿ ಶೇ. 35. "ಆಗ ಎಲ್ಲರೂ ಮಧ್ಯಮ ವರ್ಗದವರು" ಎಂಬ ಮಾತಿಗೆ ಈ ಒಂದು ಸಾಲು ಸಾಕು.

ಹೆಂಗಸರೆಲ್ಲ ಮನೆಯಲ್ಲೇ ಇರುತ್ತಿದ್ದರೇ?

ಹೆಚ್ಚಿನವರು, ಮಕ್ಕಳು ಚಿಕ್ಕವರಿದ್ದಾಗ. ಆರು ವರ್ಷದೊಳಗಿನ ಮಕ್ಕಳಿರುವ ವಿವಾಹಿತ ತಾಯಂದಿರಲ್ಲಿ ಹೊರಗೆ ದುಡಿಯುತ್ತಿದ್ದವರು 1950ರಲ್ಲಿ ಶೇ. 12, 1960ರಲ್ಲಿ ಶೇ. 19. ಶಾಲೆಗೆ ಹೋಗುವ ಮಕ್ಕಳ ತಾಯಂದಿರಲ್ಲಿ ಶೇ. 28 ಇದ್ದದ್ದು ಶೇ. 39 ಆಯಿತು. ಅಂದರೆ ಗೃಹಿಣಿಯ ಚಿತ್ರ ಪತ್ರಿಕೆಗಳಲ್ಲಿ ಮೆರೆಯುತ್ತಿದ್ದ ಆ ಹತ್ತು ವರ್ಷಗಳಲ್ಲೇ ತಾಯಂದಿರು ಕೆಲಸಕ್ಕೆ ಹೊರಟಿದ್ದರು. ಎರಡನೇ ಸಂಬಳ ಬಂದ ಮೇಲೆಯೇ ಎಷ್ಟೋ ಮನೆಗಳಿಗೆ ಫ್ರಿಜ್ಜು, ಕಾರು ಬಂದದ್ದು.

ಕಪ್ಪು ಹೆಂಗಸರ ಕಥೆ ಮೊದಲಿನಿಂದಲೂ ಬೇರೆ. 1960ರಲ್ಲೂ ದುಡಿಯುವ ಕಪ್ಪು ಹೆಂಗಸರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಬೇರೆಯವರ ಮನೆಗೆಲಸದಲ್ಲಿದ್ದರು. ಮನೆಗೆಲಸದವರನ್ನು ಸಾಮಾಜಿಕ ಭದ್ರತೆಯ ಪಿಂಚಣಿಯೊಳಗೆ ಸೇರಿಸಿದ್ದು 1950ರ ತಿದ್ದುಪಡಿಯಲ್ಲಿ ಮಾತ್ರ. ಒಬ್ಬಳ ಅಚ್ಚುಕಟ್ಟಾದ ಮನೆಯ ಹಿಂದೆ ಮನೆಮಕ್ಕಳನ್ನು ಬಿಟ್ಟು ಬಂದ ಇನ್ನೊಬ್ಬ ತಾಯಿ ಇರುತ್ತಿದ್ದಳು.

ಬಟ್ಟೆ ಒಗೆಯುವ ಯಂತ್ರ, ವ್ಯಾಕ್ಯೂಮ್ ಕ್ಲೀನರ್ ಬಂದ ಮೇಲೆ ಗೃಹಿಣಿಗೆ ಬಿಡುವು ಸಿಕ್ಕಿರಬೇಕಲ್ಲ?

ಸಮಾಜಶಾಸ್ತ್ರಜ್ಞೆ ಜೋಆನ್ ವನೆಕ್ 1974ರಲ್ಲಿ ಹಳೆಯ ದಿನಚರಿ ಸಮೀಕ್ಷೆಗಳನ್ನು ಒಟ್ಟುಮಾಡಿ ನೋಡಿದಾಗ ಸಿಕ್ಕ ಉತ್ತರ: ಹೊರಗೆ ದುಡಿಯದ ಗೃಹಿಣಿ 1920ರ ದಶಕದಲ್ಲಿ ವಾರಕ್ಕೆ ಸುಮಾರು 52 ಗಂಟೆ ಮನೆಗೆಲಸ ಮಾಡುತ್ತಿದ್ದಳು, 1960ರ ದಶಕದಲ್ಲಿ ಸುಮಾರು 55 ಗಂಟೆ. ಮೈನೋವು ಕಡಿಮೆಯಾಯಿತು, ಗಂಟೆಗಳು ಕಡಿಮೆಯಾಗಲಿಲ್ಲ.

ಕಾರಣಗಳು ಸರಳ. ಮೊದಲು ಲಾಂಡ್ರಿಗೆ ಹೋಗುತ್ತಿದ್ದ ಬಟ್ಟೆ ಯಂತ್ರ ಬಂದ ಮೇಲೆ ಮನೆಗೇ ಮರಳಿತು. ವಾರಕ್ಕೊಮ್ಮೆ ಬದಲಿಸುತ್ತಿದ್ದ ಅಂಗಿಯನ್ನು ದಿನವೂ ಬದಲಿಸುವ ರೂಢಿ ಬಂತು. ಹಾಲು, ದಿನಸಿ ಮನೆಬಾಗಿಲಿಗೆ ಬರುವುದು ನಿಂತು ಅಂಗಡಿಗೆ ಕಾರು ಓಡಿಸಿಕೊಂಡು ಹೋಗುವುದು ಶುರುವಾಯಿತು. ಊರಾಚೆಯ ಬಡಾವಣೆಯಲ್ಲಿ ಅಜ್ಜಿಯೂ ಇಲ್ಲ, ಅತ್ತಿಗೆಯೂ ಇಲ್ಲ, ಮಕ್ಕಳನ್ನು ಒಂದು ಗಳಿಗೆ ಎತ್ತಿಕೊಳ್ಳುವವರೂ ಇಲ್ಲ. ಮನಸ್ಸಿನ ತಳಮಳಕ್ಕೆ 1955ರಲ್ಲಿ ಮಾರುಕಟ್ಟೆಗೆ ಬಂದ ಮಿಲ್‌ಟೌನ್ ಎಂಬ ಶಮನದ ಮಾತ್ರೆ ಅಂಗಡಿಗಳಲ್ಲಿ ಸಿಗದಷ್ಟು ಖರ್ಚಾಯಿತು. ಅದನ್ನು ನುಂಗಿದವರಲ್ಲಿ ಗಂಡಸರೂ ಬಹಳ ಇದ್ದರು ಎಂಬುದನ್ನೂ ಹೇಳಬೇಕು.

ಆಗ ವಿಚ್ಛೇದನ ಕಡಿಮೆ ಇತ್ತು. ಅಂದರೆ ದಾಂಪತ್ಯ ಗಟ್ಟಿಯಾಗಿತ್ತು ಎಂದಲ್ಲವೇ?

ಮೊದಲು ಅಂಕಿ. ಪ್ರತಿ 1,000 ವಿವಾಹಿತ ಹೆಂಗಸರಿಗೆ ವರ್ಷಕ್ಕೆ ಆದ ವಿಚ್ಛೇದನಗಳು: 1946ರಲ್ಲಿ 17.9, 1958ರಲ್ಲಿ 8.9, 1979ರಲ್ಲಿ 22.8. ಐವತ್ತರ ದಶಕದಲ್ಲಿ ಕಡಿಮೆ ಇದ್ದದ್ದು ನಿಜ. ಯುದ್ಧಕಾಲದ ಅವಸರದ ಮದುವೆಗಳು ಮುರಿದುಬಿದ್ದ 1946ರ ಅಲೆ ಅದಕ್ಕೆ ಹಿಂದಿನದೇ ಎನ್ನುವುದೂ ನಿಜ. ಇನ್ನೊಂದು: 1950ರ ದಶಕದಲ್ಲಿ ಆದ ಮದುವೆಗಳಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಮುಂದೆ ವಿಚ್ಛೇದನದಲ್ಲೇ ಮುಗಿದವು. ಮುರಿದದ್ದು ತಡವಾಗಿ, ಅಷ್ಟೆ.

ಇನ್ನು ಕಾನೂನು. ಆಗ "ನಮಗೆ ಹೊಂದಿಕೆಯಾಗಲಿಲ್ಲ" ಎಂದರೆ ಹೆಚ್ಚಿನ ಕಡೆ ಕೋರ್ಟು ಕೇಳುತ್ತಿರಲಿಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ರುಜುವಾತು ಮಾಡಬೇಕಿತ್ತು. ಸೌತ್ ಕ್ಯಾರೊಲೈನಾದಲ್ಲಿ 1949ರವರೆಗೆ ವಿಚ್ಛೇದನವೇ ಇರಲಿಲ್ಲ. ನ್ಯೂಯಾರ್ಕಿನಲ್ಲಿ 1967ರವರೆಗೆ ವ್ಯಭಿಚಾರ ಒಂದೇ ಆಧಾರ. ಹೊಡೆತ, ಕುಡಿತ, ತೊರೆದುಹೋಗುವಿಕೆ ಯಾವುದೂ ಸಾಲದು. ಬೇರೆ ವಾಸಕ್ಕಷ್ಟೇ ಅನುಮತಿ ಸಿಗುತ್ತಿತ್ತು, ಮರುಮದುವೆ ಸಾಧ್ಯವಿರಲಿಲ್ಲ.

ಹಾಗಾದರೆ ಜನ ಏನು ಮಾಡುತ್ತಿದ್ದರು? ಒಂದು ದಾರಿ, ನಾಟಕ. ಗಂಡ ಹೋಟೆಲಿನಲ್ಲಿ ಕೋಣೆ ಹಿಡಿಯುತ್ತಿದ್ದ. ದುಡ್ಡು ಕೊಟ್ಟು ಕರೆಸಿದ ಹೆಂಗಸೊಬ್ಬಳು ರಾತ್ರಿ ಉಡುಪಿನಲ್ಲಿ ಬಂದು ಕೂರುತ್ತಿದ್ದಳು. ಹೇಳಿಟ್ಟ ಹೊತ್ತಿಗೆ ಸಾಕ್ಷಿಗಳು, ಕ್ಯಾಮೆರಾ ಹಿಡಿದವರು ಬಾಗಿಲು ತಟ್ಟುತ್ತಿದ್ದರು. ಆ ಫೋಟೋ, ಆ ಸಾಕ್ಷ್ಯ ಇಟ್ಟುಕೊಂಡು ಹೆಂಡತಿ ದಾವೆ ಹೂಡುತ್ತಿದ್ದಳು, ಗಂಡ ಎದುರಾಡುತ್ತಿರಲಿಲ್ಲ. ಇಬ್ಬರೂ ಸೇರಿ ಹೂಡಿದ ಆಟವೆಂದು ನ್ಯಾಯಾಧೀಶರಿಗೆ ಗೊತ್ತಾದರೆ ದಾವೆ ವಜಾ. ಮರ್ಯಾದಸ್ಥ ದಂಪತಿಗಳನ್ನು ಸುಳ್ಳು ಪ್ರಮಾಣಕ್ಕೆ ತಳ್ಳಿದ್ದು ಅದೇ ಕಾನೂನು.

ಇನ್ನೊಂದು ದಾರಿ, ನೆವಾಡಾದ ರೀನೋ ಪಟ್ಟಣ. 1931ರಿಂದ ಅಲ್ಲಿ ಆರು ವಾರ ವಾಸವಿದ್ದರೆ ಸಾಕಿತ್ತು. ಸಾಮಾನ್ಯವಾಗಿ ಹೋಗುತ್ತಿದ್ದವಳು ಹೆಂಡತಿ, ಗಂಡನಿಗೆ ಕೆಲಸ ಬಿಟ್ಟು ಹೋಗಲಾಗದು. ರೈಲು, ವಸತಿಗೃಹ, ವಕೀಲರ ಶುಲ್ಕ, ಆರು ವಾರದ ಊಟ. ಕೊನೆಗೆ ವಸತಿಗೃಹದ ಒಡತಿ ಬಂದು "ಇವರು ಆರು ವಾರ ಇಲ್ಲೇ ಇದ್ದರು" ಎಂದು ಸಾಕ್ಷಿ ಹೇಳಬೇಕು. ವಿಚಾರಣೆ ಕೆಲವೇ ನಿಮಿಷ. ಇಷ್ಟು ಖರ್ಚು ಹೊರಲಾರದ ಮನೆಗಳಲ್ಲಿ ಗಂಡ ಹೇಳದೆ ಕೇಳದೆ ಊರು ಬಿಡುತ್ತಿದ್ದ, ಅದು ಯಾವ ವಿಚ್ಛೇದನದ ಲೆಕ್ಕದಲ್ಲೂ ಬರಲಿಲ್ಲ.

ಯಾರ ತಪ್ಪನ್ನೂ ಸಾಬೀತು ಮಾಡಬೇಕಿಲ್ಲದ ವಿಚ್ಛೇದನ ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದದ್ದು 1970ರ ಜನವರಿ 1ರಂದು, ರಾಜ್ಯಪಾಲ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾಯ್ದೆಯಿಂದ. ನ್ಯೂಯಾರ್ಕ್ ಕೊನೆಯದಾಗಿ 2010ರಲ್ಲಿ ಒಪ್ಪಿತು.

"ಈಗ ಅರ್ಧಕ್ಕರ್ಧ ಮದುವೆ ಮುರಿಯುತ್ತವೆ" ಎಂಬ ಅಂಕಿ ಹಿಡಿದು ಹೋಲಿಸುವಾಗಲೂ ಎಚ್ಚರ. ಒಂದು ವರ್ಷದ ವಿಚ್ಛೇದನಗಳನ್ನು ಅದೇ ವರ್ಷದ ಮದುವೆಗಳಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ಅರ್ಥವಿಲ್ಲ, ಏಕೆಂದರೆ ಈ ವರ್ಷ ಬೇರೆಯಾದವರು ಈ ವರ್ಷ ಮದುವೆಯಾದವರಲ್ಲ. ಒಂದೇ ವರ್ಷ ಮದುವೆಯಾದವರ ಗುಂಪನ್ನು ಹಿಡಿದು 10, 20, 30 ವರ್ಷ ಹಿಂಬಾಲಿಸಿದ ಲೆಕ್ಕವನ್ನಷ್ಟೇ ನಂಬಿ.

ಸಹಿಸಲಾಗದಿದ್ದರೆ ಹೆಂಡತಿ ಹೊರಟುಹೋಗಬಹುದಿತ್ತಲ್ಲ?

ಎಲ್ಲಿಗೆ? ವಿವಾಹಿತ ಹೆಂಗಸಿಗೆ ಸ್ವಂತ ಹೆಸರಿನಲ್ಲಿ ಸಾಲ ಕೊಡಲು ನಿರಾಕರಿಸುವುದನ್ನು ತಡೆದ ಕಾಯ್ದೆ ಬಂದದ್ದು 1974ರಲ್ಲಿ. ಪತ್ರಿಕೆಗಳಲ್ಲಿ ಕೆಲಸದ ಜಾಹೀರಾತುಗಳು "ಗಂಡಸರಿಗೆ", "ಹೆಂಗಸರಿಗೆ" ಎಂದು ಬೇರೆ ಬೇರೆ ಅಂಕಣಗಳಲ್ಲಿ ಬರುತ್ತಿದ್ದವು. ಒಂದೇ ಕೆಲಸಕ್ಕೆ ಒಂದೇ ವೇತನ ಎಂಬ ಕಾನೂನು 1963ರದು. ಬಸುರಿಯಾದಳೆಂದು ಕೆಲಸದಿಂದ ತೆಗೆಯುವುದಕ್ಕೆ ಕೇಂದ್ರದ ತಡೆ 1978ರಲ್ಲಿ. ಲೂಸಿಯಾನಾದಲ್ಲಿ ದಂಪತಿಯ ಜಂಟಿ ಆಸ್ತಿಗೆ ಗಂಡನೇ ಯಜಮಾನ ಎಂಬ ಕಾನೂನು 1970ರ ದಶಕದ ಕೊನೆಯವರೆಗೂ ನಡೆಯಿತು.

ಮನೆಯೊಳಗಿನ ಹೊಡೆತವನ್ನು ಪೊಲೀಸರು ಗಂಡ-ಹೆಂಡಿರ ಜಗಳವೆಂದು ಬಗೆದು ಸಮಾಧಾನ ಹೇಳಿ ಹೋಗುತ್ತಿದ್ದರು. ಹೊಡೆತ ತಿಂದು ಬಂದವರಿಗೆ ಆಶ್ರಯಮನೆಗಳು ತೆರೆದದ್ದು 1970ರ ದಶಕದಲ್ಲಿ. ದಾಂಪತ್ಯದೊಳಗಿನ ಅತ್ಯಾಚಾರ 1970ರ ದಶಕದ ನಡುವಿನವರೆಗೆ ಯಾವ ರಾಜ್ಯದಲ್ಲೂ ಅಪರಾಧವಾಗಿರಲಿಲ್ಲ. ಎಲ್ಲ ರಾಜ್ಯಗಳೂ ಅದನ್ನು ಅಪರಾಧವೆಂದದ್ದು 1993ರ ಹೊತ್ತಿಗೆ. ಮಕ್ಕಳ ಮೇಲಿನ ಹೊಡೆತವನ್ನು ವೈದ್ಯಕೀಯ ಸಮಸ್ಯೆಯಾಗಿ ಡಾ. ಹೆನ್ರಿ ಕೆಂಪೆ ಮತ್ತು ಸಂಗಡಿಗರು ಬರೆದು ತೋರಿಸಿದ್ದು 1962ರಲ್ಲಿ. ಅದಕ್ಕೂ ಮೊದಲು ಮುರಿದ ಮೂಳೆಯ ಮಗು ಆಸ್ಪತ್ರೆಗೆ ಬಂದರೆ "ಬಿದ್ದಿತು" ಎಂಬ ಮಾತನ್ನೇ ಬರೆದುಕೊಳ್ಳುತ್ತಿದ್ದರು. ದೂರು ದಾಖಲಾಗದ ಕಾಲದಲ್ಲಿ ದೂರುಗಳು ಕಡಿಮೆ ಇದ್ದವೆಂದು ಹೇಳುವುದು ಸುಲಭ.

ಹದಿಹರೆಯದವರು ಆಗ ಸಂಯಮದಿಂದ ಇದ್ದರಂತೆ?

ಹದಿಹರೆಯದ ತಾಯಂದಿರ ಪ್ರಮಾಣ ಅಮೆರಿಕದಲ್ಲಿ ಅತಿ ಹೆಚ್ಚಿದ್ದದ್ದು 1957ರಲ್ಲಿ: 15ರಿಂದ 19 ವಯಸ್ಸಿನ ಪ್ರತಿ 1,000 ಹುಡುಗಿಯರಿಗೆ 96 ಹೆರಿಗೆ. ಈಗ ಅದು 15ಕ್ಕಿಂತ ಕೆಳಗಿದೆ. ವ್ಯತ್ಯಾಸವಿಷ್ಟೇ, ಆಗ ಹೆಚ್ಚಿನವರಿಗೆ ಹೆರಿಗೆಯ ಹೊತ್ತಿಗೆ ಮದುವೆಯಾಗಿರುತ್ತಿತ್ತು. ಬಸುರಿ ಎಂದು ತಿಳಿದ ಮೇಲೆ ಅವಸರದಲ್ಲಿ ಮಾಡಿದ ಮದುವೆಗಳು ಬಹಳ. ಮದುವೆಯಾಗದೆ ಉಳಿದ ಬಿಳಿಯ ಹುಡುಗಿಯರನ್ನು ದೂರದ ಪ್ರಸೂತಿಗೃಹಗಳಿಗೆ ಕಳಿಸಿ, "ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ" ಎಂದು ನೆರೆಹೊರೆಗೆ ಹೇಳಿ, ಮಗುವನ್ನು ದತ್ತು ಕೊಡಿಸಿ ಮರಳಿ ಕರೆತರುತ್ತಿದ್ದರು. ಒಪ್ಪಿಗೆ ಎಂಬುದು ಹಲವು ಸಲ ಕಾಗದದ ಮೇಲಿನದು. ಆ ತಾಯಂದಿರು ಮುದುಕಿಯರಾದ ಮೇಲೂ ಮಕ್ಕಳನ್ನು ಹುಡುಕುತ್ತಿದ್ದರು.

"ಮಕ್ಕಳು ಹಾಳಾಗುತ್ತಿದ್ದಾರೆ" ಎಂಬ ಆತಂಕವೂ ಆಗ ಜೋರಾಗಿಯೇ ಇತ್ತು. 1954ರಲ್ಲಿ ಸೆನೆಟ್ಟಿನ ಉಪಸಮಿತಿ ಬಾಲಾಪರಾಧಕ್ಕೆ ಕಾಮಿಕ್ಸ್ ಪುಸ್ತಕಗಳು ಕಾರಣವೇ ಎಂದು ವಿಚಾರಣೆ ನಡೆಸಿತು.

ಕುಟುಂಬ ಯೋಜನೆ ಹೇಗಿತ್ತು?

ಊರನ್ನು ಅವಲಂಬಿಸಿತ್ತು. ಕನೆಕ್ಟಿಕಟ್ ರಾಜ್ಯದಲ್ಲಿ ವಿವಾಹಿತ ದಂಪತಿಗಳು ಗರ್ಭನಿರೋಧಕ ಬಳಸುವುದೇ ಅಪರಾಧ. 1965ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದುಮಾಡಿತು. ಅವಿವಾಹಿತರಿಗೆ ಆ ಹಕ್ಕು 1972ರಲ್ಲಿ. ಗರ್ಭನಿರೋಧಕ ಮಾತ್ರೆಗೆ ಅನುಮತಿ ಸಿಕ್ಕದ್ದು 1960ರಲ್ಲಿ. ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಿತ್ತೆಂಬುದನ್ನು ಕನ್ನಡ ಓದುಗರು ಪಕ್ಕದಲ್ಲಿಟ್ಟುಕೊಂಡು ನೋಡಬಹುದು.

ಗಂಡಸರಿಗಾದರೂ ಸುಖವಿತ್ತೇ?

ಅಧಿಕಾರವಿತ್ತು, ಅದರ ಜೊತೆ ಹೊರೆಯೂ ಇತ್ತು. 1950ರಲ್ಲಿ ಹುಟ್ಟಿದ ಗಂಡುಮಗುವಿನ ನಿರೀಕ್ಷಿತ ಆಯಸ್ಸು 65.6 ವರ್ಷ, ನಿವೃತ್ತಿಯ ವಯಸ್ಸು 65. ಅರ್ಧಕ್ಕಿಂತ ಹೆಚ್ಚು ಗಂಡಸರು ಸಿಗರೇಟು ಸೇದುತ್ತಿದ್ದರು. ಯುದ್ಧ ಕಂಡು ಬಂದವರ ದುಃಸ್ವಪ್ನ, ಕುಡಿತ, ಮೌನಕ್ಕೆ ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಈಗಿನ ಹೆಸರು (ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ) ಸಿಕ್ಕದ್ದು 1980ರಲ್ಲಿ. ಅಲ್ಲಿಯವರೆಗೆ ಅದನ್ನು ಹೊತ್ತವರು ಹೆಂಡತಿ-ಮಕ್ಕಳು.

ಗಂಡಸರನ್ನು ಪ್ರೀತಿಸಿದ ಗಂಡಸರಿಗೆ, ಹೆಂಗಸರನ್ನು ಪ್ರೀತಿಸಿದ ಹೆಂಗಸರಿಗೆ ಬೇರೆ ದಾರಿಯೇ ಇರಲಿಲ್ಲ. 1953ರ ಅಧ್ಯಕ್ಷೀಯ ಆದೇಶದ ಆಧಾರದ ಮೇಲೆ ಅವರನ್ನು ಸರ್ಕಾರಿ ಕೆಲಸದಿಂದ ತೆಗೆಯುತ್ತಿದ್ದರು. ಎಷ್ಟೋ ಜನ ಎಲ್ಲರಂತೆ ಮದುವೆಯಾಗಿ, ಎಲ್ಲರಂತೆ ಫೋಟೋಗೆ ನಿಂತರು.

ಟಿವಿ ಧಾರಾವಾಹಿಗಳು ಆ ಕಾಲದ ಕನ್ನಡಿಯಲ್ಲವೇ?

ಅವು ಜಾಹೀರಾತುದಾರರ ಹಣದಿಂದ ನಡೆದ ಹಾಸ್ಯ ಸರಣಿಗಳು. "ಐ ಲವ್ ಲೂಸಿ"ಯ ನಾಯಕಿಗೆ 1953ರ ಜನವರಿ 19ರಂದು ತೆರೆಯ ಮೇಲೆ ಮಗು ಹುಟ್ಟಿತು, ಸುಮಾರು 4.4 ಕೋಟಿ ಜನ ನೋಡಿದರು. ಆದರೆ "ಬಸುರಿ" ಎಂಬ ಪದ ಉಚ್ಚರಿಸಲು ವಾಹಿನಿ ಬಿಡಲಿಲ್ಲ. ತೆರೆಯ ಮೇಲೂ ಹೊರಗೂ ಗಂಡ-ಹೆಂಡಿರಾಗಿದ್ದ ಲೂಸಿಲ್ ಬಾಲ್ ಮತ್ತು ಡೆಸಿ ಆರ್ನಾಜ್ 1960ರಲ್ಲಿ ಬೇರೆಯಾದರು. ಇಂಥ ಸರಣಿಗಳು ಮರುಪ್ರಸಾರವಾಗುತ್ತ ಮುಂದಿನ ತಲೆಮಾರುಗಳ ನೆನಪನ್ನೂ ರೂಪಿಸಿದವು. ಆಗ ಹುಟ್ಟಿರದವರೂ ಆ ಅಡುಗೆಮನೆಯನ್ನು "ನೆನಪಿಸಿಕೊಳ್ಳುತ್ತಾರೆ".

"ಒಳ್ಳೆಯ ಹೆಂಡತಿಗೆ ಸೂಚನೆಗಳು, 1955" ಎಂಬ ಪತ್ರಿಕೆ ಪುಟ ವಾಟ್ಸ್ಯಾಪಿನಲ್ಲಿ ಬರುತ್ತದೆ. ಅಸಲಿಯೇ?

ಗಂಡ ಬರುವ ಮೊದಲು ತಲೆಗೆ ರಿಬ್ಬನ್ ಕಟ್ಟಿಕೋ, ಅವನು ತಡವಾಗಿ ಬಂದರೆ ಪ್ರಶ್ನಿಸಬೇಡ ಎಂದೆಲ್ಲ ಇರುವ ಪುಟ ತಾನೇ? ಅಂಥ ಸಂಚಿಕೆ ಯಾರ ಕೈಗೂ ಸಿಕ್ಕಿಲ್ಲ, ಚಿತ್ರ ಬ್ರಿಟಿಷ್ ಪತ್ರಿಕೆಯೊಂದರಿಂದ ಎತ್ತಿದ್ದು. ಹಂಚಬೇಡಿ. ಆ ಕಾಲದ ಗೃಹವಿಜ್ಞಾನ ಪಠ್ಯಗಳಲ್ಲಿ, ಮಹಿಳಾ ಪತ್ರಿಕೆಗಳಲ್ಲಿ ಇದೇ ಧಾಟಿಯ ಬುದ್ಧಿವಾದ ಧಾರಾಳವಾಗಿ ಇತ್ತು. ನಿಜವಾದ ಸಾಕ್ಷ್ಯ ಇಷ್ಟಿರುವಾಗ ನಕಲಿ ಹಿಡಿದರೆ, ಅದು ಬಯಲಾದ ದಿನ ನಿಜವನ್ನೂ ಜನ ನಂಬುವುದಿಲ್ಲ.

ಹಾಗಾದರೆ ಆ ಕಾಲದಲ್ಲಿ ಒಳ್ಳೆಯದೇ ಇರಲಿಲ್ಲವೇ?

ಇತ್ತು, ಬಹಳವೇ ಇತ್ತು. 1947ರಿಂದ 1973ರವರೆಗೆ ಬೆಲೆಯೇರಿಕೆ ಕಳೆದ ಮೇಲೂ ಕುಟುಂಬದ ಆದಾಯ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಕೆಳಗಿನವರದ್ದೂ ಮೇಲಿನವರದ್ದೂ ಜೊತೆಜೊತೆಗೆ ಏರಿತು. 1952ರಲ್ಲಿ ಸುಮಾರು 58,000 ಜನರನ್ನು ಬಾಧಿಸಿದ ಪೋಲಿಯೋಗೆ 1955ರಲ್ಲಿ ಲಸಿಕೆ ಬಂತು. ಬೇಸಿಗೆಯಲ್ಲಿ ಮಕ್ಕಳನ್ನು ಈಜುಕೊಳಕ್ಕೆ ಕಳಿಸಲು ನಡುಗುತ್ತಿದ್ದ ತಾಯಂದಿರಿಗೆ ಅದು ಎಂಥ ಬಿಡುಗಡೆ! ನಾಳೆ ಇವತ್ತಿಗಿಂತ ಚೆನ್ನಾಗಿರುತ್ತದೆ ಎಂಬ ನಂಬಿಕೆಗೆ ಆಧಾರವಿತ್ತು. ಈಗಿನ ಯುವ ದಂಪತಿ ಬಾಡಿಗೆ ಕಟ್ಟುತ್ತ ಆ ಕಾಲವನ್ನು ನೆನೆದರೆ, ಅವರು ಬಯಸುತ್ತಿರುವುದು ಬಹುಪಾಲು ಆ ಭದ್ರತೆಯನ್ನು. ಅದು ನ್ಯಾಯವಾದ ಬಯಕೆ. ಅದನ್ನು ತಂದುಕೊಟ್ಟದ್ದು ಕೂಲಿ, ಸಾಲ, ಸಂಘ. ಹೆಂಡತಿಯ ಮೌನದಿಂದ ಯಾವ ಕಂತೂ ಇಳಿಯಲಿಲ್ಲ.

ಭಾರತೀಯರು ಆಗ ಅಲ್ಲಿದ್ದರೇ?

ತೀರಾ ಕಡಿಮೆ. 1946ರ ಕಾಯ್ದೆ ಭಾರತದಿಂದ ವರ್ಷಕ್ಕೆ 100 ವಲಸಿಗರಿಗೆ ಮಾತ್ರ ಅವಕಾಶ ಕೊಟ್ಟಿತು, ಅದರ ಜೊತೆ ಪೌರತ್ವ ಪಡೆಯುವ ಹಕ್ಕನ್ನೂ. ಆ ಹಕ್ಕಿನಿಂದಲೇ ದಲೀಪ್ ಸಿಂಗ್ ಸೌಂದ್ 1956ರಲ್ಲಿ ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಆರಿಸಿ ಬಂದರು. ವಿದ್ಯಾರ್ಥಿಗಳಾಗಿ, ವಿದ್ವಾಂಸರಾಗಿ ಹೋದವರು ಬೇರೆ, ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾಕ್ಕೆ ಹೋದದ್ದು ಹಾಗೆ. ಜನಾಂಗಾಂತರ ಮದುವೆಯ ನಿಷೇಧ 1967ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡುವಾಗಲೂ 16 ರಾಜ್ಯಗಳಲ್ಲಿ ಇತ್ತು. ಕನ್ನಡಿಗ ವೈದ್ಯರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಹೋಗಲು ದಾರಿಯಾದದ್ದು 1965ರ ವಲಸೆ ಕಾಯ್ದೆಯಿಂದ. ಅವರು ಬಡಾವಣೆಯ ಮನೆ ಕೊಳ್ಳುವ ಹೊತ್ತಿಗೆ 1968ರ ವಸತಿ ಕಾಯ್ದೆಯೂ ಬಂದಿತ್ತು.

ಒಂದು ಕುಟುಂಬದ ನಿಜ ಸ್ಥಿತಿಯನ್ನು ದಾಖಲೆಯಲ್ಲಿ ಹುಡುಕುವುದು ಹೇಗೆ?

ಅಮೆರಿಕದ ಜನಗಣತಿಯ ಮನೆಮನೆಯ ಹಾಳೆಗಳು 72 ವರ್ಷದ ನಂತರ ತೆರೆಯುತ್ತವೆ. 1950ರ ಹಾಳೆಗಳು 2022ರ ಏಪ್ರಿಲ್ 1ರಿಂದ ರಾಷ್ಟ್ರೀಯ ದಾಖಲಾಗಾರದ ಜಾಲತಾಣದಲ್ಲಿ ಉಚಿತ. ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ), ಮನೆಯ ಯಜಮಾನನ ಹೆಸರು ಹಾಕಿ ಹುಡುಕಿ. ಕೈಬರಹವನ್ನು ಮೊದಲು ಓದಿದ್ದು ಯಂತ್ರ, ಹಾಗಾಗಿ ಹೆಸರಿನ ಕಾಗುಣಿತ ತಪ್ಪಿರುವುದು ಸಾಮಾನ್ಯ. ಸಿಗದಿದ್ದರೆ ಬೀದಿಯ ಹೆಸರಿನಿಂದ ಗಣತಿ ವಿಭಾಗದ ಸಂಖ್ಯೆ ಕಂಡುಹಿಡಿದು ಆ ವಿಭಾಗದ ಹಾಳೆಗಳನ್ನು ಒಂದೊಂದಾಗಿ ತಿರುವಿಹಾಕಿ. ಹಾಳೆಗೆ 30 ಸಾಲು.

ಓದುವಾಗ ಮೂರು ಕಡೆ ಎಡವುತ್ತಾರೆ. ಗಂಡ ಮನೆಯಲ್ಲಿದ್ದರೆ ಯಜಮಾನನೆಂದು ಅವನನ್ನೇ ಬರೆಯುತ್ತಿದ್ದರು, ದುಡಿಯುವವಳು ಹೆಂಡತಿಯಾಗಿದ್ದರೂ. ಎರಡನೆಯದು, "ಕಳೆದ ವಾರ ಹೆಚ್ಚಿನ ಸಮಯ ಏನು ಮಾಡುತ್ತಿದ್ದರು" ಎಂಬ ಅಂಕಣದಲ್ಲಿ ಮನೆಗೆಲಸದ ಗುರುತು ಕಂಡ ಕೂಡಲೇ ಗೃಹಿಣಿ ಎಂದು ನಿರ್ಧರಿಸಬೇಡಿ. ಪಕ್ಕದ ಅಂಕಣದಲ್ಲಿ "ಬೇರೆ ಏನಾದರೂ ಕೆಲಸ ಮಾಡಿದರೇ" ಎಂಬ ಪ್ರಶ್ನೆಯಿದೆ, ಅರೆಕಾಲಿಕ ದುಡಿಮೆ ಅಲ್ಲಿ ಸಿಕ್ಕೀತು. ಮೂರನೆಯದು, ವಿಚ್ಛೇದಿತೆ ಎನ್ನಲು ನಾಚಿ "ವಿಧವೆ" ಎಂದು ಹೇಳಿಸಿದವರಿದ್ದಾರೆ. ಗಂಡನ ಸಾವಿನ ದಾಖಲೆ ಅದಕ್ಕಿಂತ ತಡವಾದ ಇಸವಿಯದ್ದಾದರೆ ಕೌಂಟಿ ಕೋರ್ಟಿನ ವಿಚ್ಛೇದನ ಕಡತ ಹುಡುಕಿ. ಹಾಳೆಯ ಆರು ಮಾದರಿ ಸಾಲುಗಳವರಿಗೆ ಆದಾಯ, ಓದು ಕುರಿತ ಹೆಚ್ಚುವರಿ ಪ್ರಶ್ನೆಗಳಿವೆ. ಅವುಗಳಲ್ಲಿ ಕೊನೆಯ ಸಾಲಿನವರಿಗೆ "ಒಂದಕ್ಕಿಂತ ಹೆಚ್ಚು ಸಲ ಮದುವೆಯಾಗಿದೆಯೇ" ಎಂದೂ ಕೇಳಿದ್ದಾರೆ, ಹೆಂಗಸಾದರೆ ಎಷ್ಟು ಮಕ್ಕಳನ್ನು ಹೆತ್ತಳೆಂದೂ.

ಆ ಕಾಲದವರು ಈಗಲೂ ಇದ್ದಾರೆ. ಅವರನ್ನು ಏನು ಕೇಳಬೇಕು?

"ಆಗ ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಉತ್ತರ ಬರುತ್ತದೆ. ಎಳವೆಯ, ಹರೆಯದ ನೆನಪುಗಳು ಹೆಚ್ಚು ಉಳಿಯುತ್ತವೆ, ಕಹಿ ಬೇಗ ಮಾಸುತ್ತದೆ. ಅದು ಎಲ್ಲ ಮನುಷ್ಯರ ಸ್ವಭಾವ. ಇನ್ನೊಂದು, ಈಗ ಮಾತಿಗೆ ಸಿಗುವವರಲ್ಲಿ ಹೆಚ್ಚಿನವರು ಆಗ ಮಕ್ಕಳು. ಮಗುವಿಗೆ ಅಮ್ಮ ಮನೆಯಲ್ಲಿದ್ದದ್ದು ಗೊತ್ತು, ಅಮ್ಮನ ಮನಸ್ಸು ಗೊತ್ತಿರಲಿಲ್ಲ.

ಆದ್ದರಿಂದ ಸಣ್ಣ, ಗಟ್ಟಿ ಪ್ರಶ್ನೆ ಕೇಳಿ. ಬ್ಯಾಂಕಿನ ಚೆಕ್ ಪುಸ್ತಕ ಯಾರ ಹತ್ತಿರ ಇರುತ್ತಿತ್ತು? ಅಮ್ಮನಿಗೆ ಕಾರು ಓಡಿಸಲು ಬರುತ್ತಿತ್ತೇ, ಹಗಲು ಕಾರು ಎಲ್ಲಿರುತ್ತಿತ್ತು? ತಿಂಗಳ ಕೊನೆಗೆ ಯಾವ ಬಿಲ್ಲು ಮುಂದಕ್ಕೆ ಹೋಗುತ್ತಿತ್ತು? ಅವರು ಓದು ನಿಲ್ಲಿಸಿದ್ದು ಯಾವ ತರಗತಿಯಲ್ಲಿ, ಯಾಕೆ? ಯಾವ ಸಂಬಂಧಿಕರ ಹೆಸರನ್ನು ಮನೆಯಲ್ಲಿ ಎತ್ತುತ್ತಿರಲಿಲ್ಲ? ಬೀದಿಯಲ್ಲಿ ಯಾರು ಮನೆ ಕೊಳ್ಳಲಾಗಲಿಲ್ಲ? ಮೊದಲು ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. ಅಣ್ಣ-ತಂಗಿಯರನ್ನು ಒಟ್ಟಿಗೆ ಕೂರಿಸಿದರೆ ದೊಡ್ಡವರು ಹೇಳಿದ್ದಕ್ಕೆ ಚಿಕ್ಕವರು ತಲೆಯಾಡಿಸುತ್ತಾರೆ. ಫೋಟೋ ಆಲ್ಬಮ್ ಮುಂದಿಟ್ಟುಕೊಂಡಿದ್ದರೆ ಪ್ರತಿ ಫೋಟೋಗೂ "ಇದನ್ನು ತೆಗೆದವರು ಯಾರು, ಆ ದಿನ ಇಲ್ಲಿ ಯಾರು ಇಲ್ಲ" ಎಂದು ಕೇಳಿ ಬರೆದುಕೊಳ್ಳಿ, ಆಮೇಲೆ ಅದನ್ನು ಗಣತಿಯ ಹಾಳೆಯ ಜೊತೆ ಇಟ್ಟು ನೋಡಿ.